ಎಂಟು ಸಾಲಿನ ಕೊಟೇಶನ್

ಅಕ್ಕನ ಮಗಳು ವೀಣೆ ನುಡಿಸುತ್ತಾಳೆ. ಮನೆಯಲ್ಲೇ ರೆಕಾರ್ಡ್ ಮಾಡಿಕೊಳ್ಳಲು ಒಂದು ಕಂಪ್ಯೂಟರ್ ಬೇಕೆಂದು ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯೊಂದರಲ್ಲಿ ಕೊಟೇಶನ್ ಬರೆಸಿಕೊಂಡು ಬಂದಳು. "ಮಾಮಾ, ದುಡ್ಡು ಕೊಡೋ ಮುಂಚೆ ಒಂದ್ಸಲ ನೋಡಿ" ಅಂದಳು. ಎಂಟೇ ಸಾಲಿನ ಚೀಟಿ. ಒಂದೊಂದೇ ಸಾಲು ಹಿಡಿದು ಅವಳಿಗೆ ಹೇಳಿದ್ದು ಇದು.

"ಪ್ರೊಸೆಸರ್: ರೈಜನ್ 5 5600"

ತಕರಾರಿಲ್ಲ. ವೀಣೆ, ತಂಬೂರಿ, ಮೃದಂಗದ ನಾಲ್ಕಾರು ಟ್ರ್ಯಾಕಿಗೆ ಆರು ಕೋರ್ ಧಾರಾಳ. ಆದರೆ ರೆಕಾರ್ಡಿಂಗಿನಲ್ಲಿ ವೇಗಕ್ಕಿಂತ ಹೊತ್ತು ತಪ್ಪದಿರುವುದು ಮುಖ್ಯ, ಅದನ್ನು ಮೊದಲೇ ತಿಳಿದುಕೊ.

ಮೈಕನ್ನು ಕಂಪ್ಯೂಟರಿಗೆ ಸೇರಿಸುವ ನಿನ್ನ ಆಡಿಯೋ ಇಂಟರ್‌ಫೇಸು ಸೆಕೆಂಡಿಗೆ 48,000 ಸ್ಯಾಂಪಲ್ ಅಳೆಯುತ್ತದೆ. ಬಫರನ್ನು 64ಕ್ಕೆ ಇಟ್ಟರೆ 64 ಸ್ಯಾಂಪಲ್ ಸೇರಿದೊಡನೆ ಆ ಕಂತನ್ನು ಕಂಪ್ಯೂಟರಿಗೆ ಕೊಡುತ್ತದೆ. ಮುಂದಿನ ಕಂತು ಬರುವುದಕ್ಕೆ 1.33 ಮಿಲಿಸೆಕೆಂಡ್. ಅಷ್ಟರೊಳಗೆ ಕಂಪ್ಯೂಟರ್ ಕೆಲಸ ಮುಗಿಸಿ ಹಿಂದಕ್ಕೆ ಕೊಡಬೇಕು. ಸಾವಿರ ಸಲ ಸರಿಯಾಗಿ ಕೊಟ್ಟು ಒಂದೇ ಸಲ ತಡವಾದರೂ 'ಪಟ್' ಎಂಬ ಸದ್ದು ರೆಕಾರ್ಡಿಂಗಿನಲ್ಲಿ ಕೂತುಬಿಡುತ್ತದೆ. ಎಷ್ಟು ಬಿರುಸಾಗಿ ನುಡಿಸಿದರೇನು, ಸಮಕ್ಕೆ ಬಂದು ನಿಲ್ಲದ ಮುಕ್ತಾಯ ಮುಕ್ತಾಯವೇ ಅಲ್ಲ.

ಬಫರನ್ನು 512ಕ್ಕೆ ಏರಿಸಿದರೆ ಆ ಸದ್ದು ನಿಲ್ಲಬಹುದು. ಆದರೆ ಹೋಗುವಾಗ 10.7, ಬರುವಾಗ 10.7, ಒಟ್ಟು 21 ಮಿಲಿಸೆಕೆಂಡ್ ದಾಟುತ್ತದೆ. ಗಾಳಿಯಲ್ಲಿ ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ತೊಡೆಯ ಮೇಲಿರುವ ವೀಣೆಯೇ ಏಳು ಮೀಟರ್ ಆಚೆಯಿಂದ ಕೇಳಿದ ಹಾಗೆ! ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರಿಂಗ್ ಗುಂಡಿ ಒತ್ತಿದರೆ ಈ ತಡ ಇಲ್ಲ, ನಿಜ. ಆದರೆ ಸಾಫ್ಟ್‌ವೇರಿನ ರಿವರ್ಬ್ ಸೇರಿಸಿ ಹೆಡ್‌ಫೋನಿನಲ್ಲಿ ಕೇಳುತ್ತಾ ನುಡಿಸುವವಳು ನೀನು. ನಿನಗೆ ಆ ದಾರಿ ಸಾಲದು.

"ಬೋರ್ಡ್: ಬಿ550, ಎಟಿಎಕ್ಸ್"

ಒಳ್ಳೆಯ ಆಯ್ಕೆ. ಅಂಗಡಿಯವರು ಎಕ್ಸ್570 ತೋರಿಸಿ ಇನ್ನಷ್ಟು ಹಣ ಹಾಕಿ ಎಂದರೆ ಬೇಡ ಅನ್ನು. 2019ರಲ್ಲಿ ಬಂದ ಆ ಚಿಪ್‌ಸೆಟ್ ಬಿಸಿಯಾಗುತ್ತದೆಂದು ಬಹುತೇಕ ಬೋರ್ಡುಗಳಲ್ಲಿ ಅದರ ಮೇಲೊಂದು ಪುಟ್ಟ ಫ್ಯಾನ್ ಕೂರಿಸಿದ್ದರು. ಮೈಕ್ ಇರುವ ಕೋಣೆಯಲ್ಲೇ ಕಂಪ್ಯೂಟರ್ ಇಡುವವಳಿಗೆ ಆ ಸಣ್ಣ ಫ್ಯಾನಿನ ಕೀರಲು ಬೇಕಿಲ್ಲ.

ಚಿಪ್‌ಸೆಟ್ ಅಂದರೆ ಏನು? ಪ್ರೊಸೆಸರಿನ ಪಕ್ಕದ ಜಂಕ್ಷನ್ ಅಂದುಕೊ. ಹಾರ್ಡ್‌ಡಿಸ್ಕ್, ನೆಟ್‌ವರ್ಕ್, ಕೆಲವು ಯುಎಸ್‌ಬಿ ಪೋರ್ಟುಗಳು ಎಲ್ಲ ಅಲ್ಲಿ ಸೇರಿ, ಒಂದೇ ದಾರಿಯಲ್ಲಿ ಪ್ರೊಸೆಸರಿಗೆ ಹೋಗುತ್ತವೆ. ಬಿ550ಯಲ್ಲಿ ಆ ದಾರಿ ನಾಲ್ಕು ಲೇನಿನ ಪಿಸಿಐಇ 3.0. ಆದರೆ ಈ ರೈಜನ್ ಪ್ರೊಸೆಸರಿಗೆ ತನ್ನದೇ ನಾಲ್ಕು ಯುಎಸ್‌ಬಿ ಪೋರ್ಟುಗಳಿವೆ, ಅವು ಜಂಕ್ಷನ್ನಿಗೆ ಹೋಗದೆ ನೇರ ಬರುತ್ತವೆ. ಇಂಟೆಲ್‌ನ ಡೆಸ್ಕ್‌ಟಾಪ್ ಬೋರ್ಡುಗಳಲ್ಲಿ ಯುಎಸ್‌ಬಿ ಸಾಮಾನ್ಯವಾಗಿ ಚಿಪ್‌ಸೆಟ್ಟಿನ ಮೂಲಕವೇ ಬರುತ್ತದೆ. ಅಲ್ಲೂ ಸೊಗಸಾಗಿ ರೆಕಾರ್ಡ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ನಿನ್ನದು ಥಂಡರ್‌ಬೋಲ್ಟ್ ಇಂಟರ್‌ಫೇಸಾಗಿದ್ದರೆ ನಾನೇ ಇಂಟೆಲ್ ಬೋರ್ಡ್ ನೋಡು ಅನ್ನುತ್ತಿದ್ದೆ.

"ಯುಎಸ್‌ಬಿ: ಹಿಂದೆ 8, ಹೈಸ್ಪೀಡ್ 10 ಜಿಬಿಪಿಎಸ್ ಸಹಿತ"

ಅಂಗಡಿಯವರು ದಪ್ಪ ಅಕ್ಷರದಲ್ಲಿ ಬರೆದ ಸಾಲು. ನಿನ್ನ ಇಂಟರ್‌ಫೇಸಿನದು ಎರಡು ಚಾನೆಲ್, 24 ಬಿಟ್. ಗುಣಿಸಿ ನೋಡು: ಸೆಕೆಂಡಿಗೆ 2.3 ಮೆಗಾಬಿಟ್. ಹಳೆಯ ಯುಎಸ್‌ಬಿ 2.0 ಪೋರ್ಟಿಗೇ 480 ಮೆಗಾಬಿಟ್ ತಾಕತ್ತಿದೆ. ಅಗಲದ ಕೊರತೆ ಎಲ್ಲಿಯೂ ಇಲ್ಲ.

ಕೊರತೆ ಬರುವುದು ಬೇರೆ ಕಡೆ. ಪೆನ್‌ಡ್ರೈವಿಗೆ ಕಳಿಸಿದ ಪ್ಯಾಕೆಟ್ ಕೆಟ್ಟರೆ ಕಂಪ್ಯೂಟರ್ ಮತ್ತೆ ಕಳಿಸುತ್ತದೆ, ನಿನಗೆ ಗೊತ್ತೂ ಆಗುವುದಿಲ್ಲ. ಧ್ವನಿಯ ಪ್ಯಾಕೆಟ್ ಹಾಗಲ್ಲ. 125 ಮೈಕ್ರೋಸೆಕೆಂಡಿಗೊಮ್ಮೆ ಅದರ ಸರದಿ. ತಪ್ಪಿದರೆ ಮತ್ತೆ ಕಳಿಸುವ ವ್ಯವಸ್ಥೆಯೇ ಇಲ್ಲ, ಹೋದದ್ದು ಹೋಯಿತು.

ಹಾಗಾಗಿ ಎಂಟರಲ್ಲಿ ಯಾವ ಪೋರ್ಟು ಎಲ್ಲಿಗೆ ಸೇರಿದೆ ಎಂಬುದನ್ನು ನೋಡು. ಬೋರ್ಡಿನ ಮ್ಯಾನ್ಯುಯಲ್ಲಿನ ಸ್ಪೆಸಿಫಿಕೇಶನ್ ಪುಟದಲ್ಲಿ ಪ್ರೊಸೆಸರಿನ ಪೋರ್ಟು, ಚಿಪ್‌ಸೆಟ್ಟಿನ ಪೋರ್ಟು ಎಂದು ಬೇರೆಬೇರೆಯಾಗಿ ಬರೆದಿರುತ್ತಾರೆ. ವಿಂಡೋಸ್ ಹಾಕಿದ ಮೇಲೆ ಡಿವೈಸ್ ಮ್ಯಾನೇಜರ್ ತೆರೆದು, ವ್ಯೂ ಮೆನುವಿನಲ್ಲಿ 'ಡಿವೈಸಸ್ ಬೈ ಕನೆಕ್ಷನ್' ಒತ್ತು. ಮರದ ಕೊಂಬೆಗಳ ಹಾಗೆ ಬಿಚ್ಚಿಕೊಳ್ಳುತ್ತದೆ. ಕೇಬಲನ್ನು ಒಂದೊಂದೇ ಪೋರ್ಟಿಗೆ ಚುಚ್ಚಿ, ಇಂಟರ್‌ಫೇಸು ಯಾವ ಕೊಂಬೆಗೆ ಹೋಗಿ ಕೂರುತ್ತದೆ ಗಮನಿಸು. ಒಂಟಿಯಾಗಿರುವ ಕೊಂಬೆ ಸಿಕ್ಕರೆ ಆ ಪೋರ್ಟಿನ ಪಕ್ಕ ಸ್ಟಿಕರ್ ಅಂಟಿಸಿಬಿಡು. ವೆಬ್‌ಕ್ಯಾಮ್, ಹಬ್ ಏನನ್ನೂ ಅಲ್ಲಿಗೆ ಹಾಕಬೇಡ.

"ಬಯಾಸ್: ಅಪ್‌ಡೇಟ್ ಮಾಡಿ ಕೊಡಲಾಗುವುದು"

ಈ ಸಾಲನ್ನು ಬಿಡಬೇಡ, ಬಿಲ್ಲಿನಲ್ಲೂ ಬರೆಸಿಕೊ. 500 ಸರಣಿಯ ಚಿಪ್‌ಸೆಟ್ ಬೋರ್ಡುಗಳಲ್ಲಿ ಯುಎಸ್‌ಬಿ ಇದ್ದಕ್ಕಿದ್ದಂತೆ ಕಡಿದುಹೋಗುತ್ತದೆ, ಧ್ವನಿ ಚಟಚಟ ಅನ್ನುತ್ತದೆ ಎಂಬ ದೂರುಗಳನ್ನು 2021ರ ಫೆಬ್ರವರಿಯಲ್ಲಿ ಎಎಂಡಿ ಕಂಪನಿಯೇ ಒಪ್ಪಿಕೊಂಡಿತು. ಪರಿಹಾರ ಅಜೀಸಾ ಎಂಬ ಎಎಂಡಿಯ ಫರ್ಮ್‌ವೇರಿನ 1.2.0.2 ಆವೃತ್ತಿಯಲ್ಲಿ ಬಂತು. ಬೋರ್ಡ್ ತಯಾರಕರು ಅದನ್ನು ತಮ್ಮ ತಮ್ಮ ಬಯಾಸಿಗೆ ಸೇರಿಸಿಕೊಟ್ಟರು. ಅಲ್ಲಿಯವರೆಗೆ ತಮ್ಮ ಇಂಟರ್‌ಫೇಸೇ ಕೆಟ್ಟಿದೆ ಎಂದುಕೊಂಡು ಕೇಬಲ್ ಮೇಲೆ ಕೇಬಲ್ ಬದಲಿಸಿದವರ ಸಂಕಟ ನೆನೆದರೆ ಈಗಲೂ ನೋವಾಗುತ್ತದೆ. ಗೋದಾಮಿನಲ್ಲಿ ವರ್ಷಗಟ್ಟಲೆ ಕೂತ ಬೋರ್ಡಿನಲ್ಲಿ ಹಳೆಯ ಬಯಾಸೇ ಇರಬಹುದು. ಅಲ್ಲದೆ ನಿನ್ನ ಪ್ರೊಸೆಸರ್ ಬಂದದ್ದು 2022ರಲ್ಲಿ, ಬಯಾಸ್ ತೀರಾ ಹಳೆಯದಾಗಿದ್ದರೆ ಅದನ್ನು ಗುರುತಿಸುವುದೂ ಇಲ್ಲ.

"ರ‍್ಯಾಮ್ 16 ಜಿಬಿ, ಎಸ್‌ಎಸ್‌ಡಿ 1 ಟಿಬಿ"

ರ‍್ಯಾಮ್ 8ರ ಎರಡು ಕಡ್ಡಿ ಕೊಡಲಿ, 16ರ ಒಂದೇ ಕಡ್ಡಿ ಬೇಡ. ಉಳಿದಂತೆ ಸರಿ.

"ಆನ್‌ಬೋರ್ಡ್ ಸೌಂಡ್ 7.1"

ನಿನಗೆ ಉಪಯೋಗವಿಲ್ಲ. ಇದಕ್ಕೆಂದು ಒಂದು ರೂಪಾಯಿ ಹೆಚ್ಚು ಕೊಡಬೇಡ. ಇಂಟರ್‌ಫೇಸು ತಯಾರಿಸಿದವರದೇ ಎಎಸ್‌ಐಒ ಡ್ರೈವರ್ ಹಾಕಿಕೊ, ಬೋರ್ಡಿನ ಸೌಂಡನ್ನು ಬಯಾಸಿನಲ್ಲಿ ಆಫ್ ಮಾಡು.

"ವೈಫೈ, ಬ್ಲೂಟೂತ್ ಇನ್‌ಬಿಲ್ಟ್"

ಹಿಂದೊಮ್ಮೆ ಸ್ನೇಹಿತರೊಬ್ಬರ ಮನೆಯಲ್ಲಿ ಆಲಾಪನೆ ರೆಕಾರ್ಡ್ ಮಾಡುತ್ತಿದ್ದೆ. ಕೆಲವು ಸೆಕೆಂಡಿಗೊಮ್ಮೆ ಪಟ್, ಪಟ್. ಗಾಯಕರು ಪಾಪ ನಾಲ್ಕು ಸಲ ಮೊದಲಿನಿಂದ ಹಾಡಿದರು. ಕೊನೆಗೆ ಲೇಟೆನ್ಸಿಮಾನ್ ಎಂಬ ಪುಟ್ಟ ಪ್ರೋಗ್ರಾಂ ಓಡಿಸಿದೆ. ಹಸಿರು ಪಟ್ಟಿ ನೆಮ್ಮದಿಯಾಗಿ ನಿಂತಿದ್ದು ಒಮ್ಮೆಲೇ ಎದ್ದು ಕೆಂಪಾಗುತ್ತಿತ್ತು. ಡ್ರೈವರುಗಳ ಪಟ್ಟಿ ತೆರೆದರೆ ಎಲ್ಲಕ್ಕಿಂತ ಮೇಲೆ ನೆಟ್‌ವರ್ಕ್ ಡ್ರೈವರ್. ಹತ್ತಿರದ ಸಿಗ್ನಲ್ ಹುಡುಕಲು ವೈಫೈ ಆಗಾಗ ಪ್ರೊಸೆಸರನ್ನು ಹಿಡಿದು ನಿಲ್ಲಿಸುತ್ತಿತ್ತು, ಧ್ವನಿಯ ಕೆಲಸ ಸಾಲಿನಲ್ಲಿ ಕಾಯುತ್ತಿತ್ತು. ವೈಫೈ ಆಫ್ ಮಾಡಿದೆ, ಸದ್ದು ನಿಂತಿತು. ವೈಫೈ ಇರಲಿ, ರೆಕಾರ್ಡಿಂಗಿಗೆ ಕೂರುವಾಗ ಡಿವೈಸ್ ಮ್ಯಾನೇಜರಿನಲ್ಲಿ ಅದನ್ನು ಡಿಸೇಬಲ್ ಮಾಡು.

"ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ"

ಚೀಟಿಯ ಅಡಿಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿದೆ, ಇದೂ ಒಂದು ಸಾಲೇ. ಮೇಲೆ ಹೇಳಿದ್ದೆಲ್ಲ ಸರಿಯಿದ್ದರೂ ಒಂದು ನಿರ್ದಿಷ್ಟ ಬೋರ್ಡು ಹೇಗೆ ನಡೆದುಕೊಳ್ಳುತ್ತದೆ ಎಂಬುದು ಓಡಿಸಿದಾಗಲೇ ತಿಳಿಯುವುದು. ಇಂಟರ್‌ಫೇಸು, ಹೆಡ್‌ಫೋನು, ಲೇಟೆನ್ಸಿಮಾನ್ ಇರುವ ಪೆನ್‌ಡ್ರೈವು, ಮೂರನ್ನೂ ಚೀಲದಲ್ಲಿ ಹಾಕಿಕೊಂಡು ಹೋಗು. ಜೋಡಿಸಿದ ಮೇಲೆ ಅಲ್ಲೇ ಬಫರನ್ನು 64ಕ್ಕೆ ಇಟ್ಟು ಇಪ್ಪತ್ತು ನಿಮಿಷ ಓಡಿಸಿ ಕೇಳು. ಪಟ್ಟಿ ಹಸಿರಾಗಿಯೇ ಉಳಿದರೆ ಹಣ ಕೊಡು.