ಕಪ್ಪು ಟೋಪಿಯ ಚಿತ್ರ

2006ರ ಡಿಸೆಂಬರ್‌ನಲ್ಲಿ ಇರಾನಿನ ರಾಜಧಾನಿ ಟೆಹರಾನಿನಲ್ಲಿ ಒಂದು ಸಮ್ಮೇಳನ ನಡೆಯಿತು. ನಾಜಿಗಳು ನಡೆಸಿದ ಯೆಹೂದ್ಯರ ಹತ್ಯಾಕಾಂಡವನ್ನೇ ಅಲ್ಲಗಳೆಯುವವರಿಗೂ ಅಲ್ಲಿ ವೇದಿಕೆ ದೊರೆಯಿತು. ಉದ್ದ ಗಡ್ಡದ, ಕಪ್ಪು ಟೋಪಿಯ ಕೆಲವು ಯೆಹೂದಿ ರಬ್ಬಿಗಳೂ ಅದರಲ್ಲಿ ಭಾಗವಹಿಸಿದರು. ಅವರ ಚಿತ್ರ ಜಗತ್ತನ್ನೆಲ್ಲ ಸುತ್ತಿತು. ಅಂಥ ಚಿತ್ರಗಳನ್ನು ಮುಂದಿಟ್ಟು, 'ಇಸ್ರೇಲ್ ದೇಶದ ಕುರಿತು ನಿಜವಾದ ಯೆಹೂದ್ಯರ ನಿಲುವು ಇದೇ' ಎಂದು ವಾದಿಸುವವರು ಇಂದಿಗೂ ಇದ್ದಾರೆ.

ಆ ರಬ್ಬಿಗಳು 'ನೆಟುರೇ ಕಾರ್ಟಾ' ಗುಂಪಿನವರು. 1938ರಲ್ಲಿ ಜೆರುಸಲೇಮಿನಲ್ಲಿ ಹುಟ್ಟಿದ ಸಣ್ಣ ಪಂಗಡವದು. ಮೆಸ್ಸೀಯನು ಬರುವ ಮುನ್ನ ಯೆಹೂದ್ಯರು ತಮ್ಮದೇ ರಾಜ್ಯ ಕಟ್ಟಬಾರದೆಂಬ ವಾದ ಅವರೊಬ್ಬರದೇ ಅಲ್ಲ. ಬಹುದೊಡ್ಡ ಸಾತ್ಮಾರ್ ಸಮುದಾಯದ್ದೂ ಹೌದು. ಆದರೆ ಟೆಹರಾನಿಗೆ ಹೋದವರನ್ನು ಆ ಸಾತ್ಮಾರರೇ ಖಂಡಿಸಿದರು. ಚಿತ್ರ ತೋರಿಸುವವರು ಇದನ್ನು ಹೇಳುವುದಿಲ್ಲ.

ಕಥೋಲಿಕರಾದ ನಮ್ಮ ಕಣ್ಣು ಇಲ್ಲಿ ಬೇಗ ಮೋಸಹೋಗುತ್ತದೆ. ನಿಲುವಂಗಿಯನ್ನು ಕಂಡೊಡನೆ ಅದರ ಹಿಂದೆ ಧರ್ಮಾಧ್ಯಕ್ಷರು, ಅವರ ಹಿಂದೆ ಜಗದ್ಗುರುಗಳು ಇರುವರೆಂದು ನಾವು ಭಾವಿಸುತ್ತೇವೆ. ಯೆಹೂದ್ಯರಲ್ಲಿ ಅಂಥ ಜಗದ್ಗುರುಪೀಠವಿಲ್ಲ. ರಬ್ಬಿಯೆಂದರೆ ಬೋಧಕ, ಅವರ ಮಾತು ಅವರನ್ನು ಒಪ್ಪಿದವರಿಗೆ ಮಾತ್ರ. ಅವರ ಮಿಷ್ನಾ ಗ್ರಂಥವು ಒಬ್ಬಿಬ್ಬರ ಭಿನ್ನಮತವನ್ನೂ ಗೌರವದಿಂದ ಬರೆದಿಟ್ಟಿದೆ. ಆಚರಣೆಗೆ ಸಾಮಾನ್ಯವಾಗಿ ನಿಂತದ್ದು ಬಹುಮತದ ತೀರ್ಪು.

ಕೆಲವರ ನಡೆಯನ್ನು ಇಡೀ ಜನಾಂಗದ ತಲೆಗೆ ಕಟ್ಟುವ ಚಾಳಿ, ಒಪ್ಪಿಕೊಳ್ಳೋಣ, ನಮಗೆ ಹಳೆಯದು. ಕ್ರಿಸ್ತರ ಯಾತನೆಯ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ, ಇಂದಿನವರ ಮೇಲಾಗಲಿ ಹೊರಿಸಲಾಗದೆಂದು ಎರಡನೇ ವ್ಯಾಟಿಕನ್ ಮಹಾಸಭೆ ಸಾರಿದ್ದು 1965ರಲ್ಲಿ.