ಅಸಮತೆಯ ಚಿಹ್ನೆಯೂ ಅದನ್ನು ತಿರುಗಿಸುವ ನಿಯಮವೂ: ‘ಪ್ರಾಕ್ಸಿಸ್’ ಗ್ರಂಥವನ್ನು ಕುರಿತು ಒಂದು ವಿಮರ್ಶೆ

ಬೀಜಗಣಿತದ ಪ್ರಾರಂಭದ ಪಾಠಗಳಲ್ಲಿ ಸಮೀಕರಣಗಳು ಮುಗಿದೊಡನೆ ಅಸಮತೆಗಳು ಬರುವುವು. ಸಮೀಕರಣವನ್ನು ಬಿಡಿಸಿದಂತೆಯೇ ಇವನ್ನೂ ಬಿಡಿಸತಕ್ಕದ್ದೆಂದು ಹೇಳಿ, ಕಡೆಯಲ್ಲಿ ಒಂದು ಎಚ್ಚರಿಕೆಯನ್ನು ಸೇರಿಸುವುದು ಪಠ್ಯಪುಸ್ತಕಗಳ ವಾಡಿಕೆ: ಎರಡು ಪಕ್ಷಗಳನ್ನೂ ಋಣಸಂಖ್ಯೆಯಿಂದ ಗುಣಿಸಿದರೆ ಅಥವಾ ಭಾಗಿಸಿದರೆ ಚಿಹ್ನೆಯು ತಿರುಗುವುದು. ಏಕೆ ತಿರುಗಬೇಕೆಂದು ನಾವು ವಿದ್ಯಾರ್ಥಿಗಳಾಗಿದ್ದಾಗ ಕೇಳಿದೆವು. ನಿಯಮವಿರುವುದೇ ಹಾಗೆಂಬ ಉತ್ತರ ದೊರೆಯಿತು. ಚರಿತ್ರೆಯ ಅಧ್ಯಾಪಕರು ಗಣಿತದ ಮಾತನ್ನೆತ್ತುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಈ ಚಿಹ್ನೆಗೊಂದು ಚರಿತ್ರೆ, ಈ ನಿಯಮಕ್ಕೆ ಬೇರೊಂದು ಚರಿತ್ರೆ ಇರುವುದರಿಂದ ನಮಗೂ ಇಲ್ಲಿ ಸ್ವಲ್ಪ ಅಧಿಕಾರವುಂಟೆಂದು ಭಾವಿಸಿದ್ದೇವೆ.

ಹೆಚ್ಚು, ಕಡಮೆ ಎಂಬುದನ್ನು ಸೂಚಿಸುವ >, < ಎಂಬ ಗುರುತುಗಳು ಮೊದಲು ಅಚ್ಚಾದುದು ೧೬೩೧ರಲ್ಲಿ, ಲಂಡನ್ನಿನಲ್ಲಿ ಪ್ರಕಟವಾದ ‘ಆರ್ಟಿಸ್ ಅನಾಲಿಟಿಕೇ ಪ್ರಾಕ್ಸಿಸ್’ ಎಂಬ ಲ್ಯಾಟಿನ್ ಗ್ರಂಥದಲ್ಲಿ. ಕರ್ತೃವಾದ ಥಾಮಸ್ ಹ್ಯಾರಿಯಟ್ ೧೬೨೧ರಲ್ಲಿಯೇ ತೀರಿಕೊಂಡಿದ್ದನು. ಅವನು ಬಿಟ್ಟುಹೋದ ಕಾಗದಗಳ ರಾಶಿಯಿಂದ ಈ ಪುಸ್ತಕವನ್ನು ಸಂಪಾದಿಸಿದವನು ವಾಲ್ಟರ್ ವಾರ್ನರ್. ಹಸ್ತಪ್ರತಿಯಲ್ಲಿನ ಗುರುತುಗಳ ಆಕೃತಿಗೂ ಅಚ್ಚಿನ ಆಕೃತಿಗೂ ವ್ಯತ್ಯಾಸವುಂಟು. ಆದುದರಿಂದ ನಮ್ಮ ಮಕ್ಕಳು ಇಂದು ಬರೆಯುವ ಗುರುತನ್ನು ಹ್ಯಾರಿಯಟ್ಟನ ಕೈಬರಹವೆನ್ನುವುದಕ್ಕಿಂತ ‘ಪ್ರಾಕ್ಸಿಸ್’ನ ಗುರುತೆನ್ನುವುದು ಲೇಸು.

ಆ ಗ್ರಂಥದಲ್ಲಿ ಅಸಮತೆಗಳಿಗೆ ಏನು ಕೆಲಸ? ಸಮೀಕರಣಗಳಿಗೆ ಎಷ್ಟು ಮೂಲಗಳಿವೆಯೆಂದು ನಿರ್ಣಯಿಸುವುದಕ್ಕೆ ಅವು ಬೇಕಾದುವು. ಒಂದು ಪರಿಮಾಣವನ್ನು ಎರಡು ಅಸಮ ಭಾಗಗಳಾಗಿ ಮಾಡಿದರೆ, ಅವುಗಳ ಗುಣಲಬ್ಧಕ್ಕಿಂತ ಇಡೀ ಪರಿಮಾಣದ ಅರ್ಧದ ವರ್ಗವು ದೊಡ್ಡದು. ೧೦ನ್ನು ೭ ಮತ್ತು ೩ ಎಂದು ಒಡೆದರೆ ಗುಣಲಬ್ಧ ೨೧. ೫ರ ವರ್ಗ ೨೫. ಇಂತಹ ಮಾತನ್ನು ವಾಕ್ಯಗಳಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಅದನ್ನು ಒಂದೇ ಪಂಕ್ತಿಗೆ ಇಳಿಸಿದುದು ದೊಡ್ಡ ಸಾಧನೆಯೇ ಸರಿ. ಆದರೆ ‘ಪ್ರಾಕ್ಸಿಸ್’ ಧನಮೂಲಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು. ಹ್ಯಾರಿಯಟ್ಟನ ಹಸ್ತಪ್ರತಿಗಳಲ್ಲಿ ಋಣಮೂಲಗಳೂ ಕಲ್ಪಿತ ಮೂಲಗಳೂ ಇದ್ದುವೆಂಬುದು ೨೦೦೩ರಲ್ಲಿ ಜಾಕ್ವೆಲಿನ್ ಸ್ಟೆಡಾಲ್ ಅವರು ಅವನ ಸಮೀಕರಣ ಪ್ರಬಂಧವನ್ನು ಪ್ರಕಟಿಸಿದ ಮೇಲೆ ಎಲ್ಲರಿಗೂ ಸ್ಪಷ್ಟವಾಯಿತು. ೨೦೦೭ರಲ್ಲಿ ಸೆಲ್ಟ್‌ಮನ್ ಮತ್ತು ಗೌಲ್ಡಿಂಗ್ ಅವರ ಇಂಗ್ಲಿಷ್ ಅನುವಾದವೂ ಬಂದಿರುವುದರಿಂದ ಎರಡನ್ನೂ ಹೋಲಿಸಿ ನೋಡುವುದು ಸುಲಭ. ಸತ್ತವನ ಕಾಗದಗಳನ್ನು ಅಣಿಗೊಳಿಸುವ ಕಷ್ಟವನ್ನು ಬಲ್ಲ ನಾವು ವಾರ್ನರನನ್ನು ಕಟುವಾಗಿ ಆಡಲಾರೆವು. ಆದರೂ ಸಂಪಾದಕನ ಕತ್ತರಿ ಗ್ರಂಥದ ಅತ್ಯಂತ ಧೈರ್ಯದ ಭಾಗದ ಮೇಲೆಯೇ ಆಡಿತೆಂಬುದನ್ನು ಮುಚ್ಚಿಡಲೂ ಆರೆವು.

ಇದರ ಫಲವನ್ನು ಗಮನಿಸಬೇಕು. ಧನಪರಿಮಾಣಗಳು ಮಾತ್ರವಿರುವ ಲೋಕದಲ್ಲಿ ಅಸಮತೆಯನ್ನು ಯಾವುದರಿಂದ ಗುಣಿಸಿದರೂ ದೊಡ್ಡದು ದೊಡ್ಡದಾಗಿಯೇ ಉಳಿಯುವುದು. ಚಿಹ್ನೆಯನ್ನು ತಿರುಗಿಸುವ ನಿಯಮಕ್ಕೆ ಅಲ್ಲಿ ಎಡೆಯೇ ಇಲ್ಲ. ಚಿಹ್ನೆ ಹುಟ್ಟಿದ ಮನೆಯಲ್ಲಿ ನಿಯಮ ಹುಟ್ಟಲಿಲ್ಲ.

ನಿಯಮದ ಹಿಂದಿರುವ ತೊಡಕು ಎಷ್ಟು ನಿಜವಾದದ್ದೆಂಬುದಕ್ಕೆ ಅನಂತರದ ವಿದ್ವಾಂಸರ ಪೇಚಾಟವೇ ಸಾಕ್ಷಿ. ಫ್ರಾನ್ಸಿನ ಆಂಟ್ವಾನ್ ಆರ್ನೋ ೧೬೬೭ರ ತನ್ನ ರೇಖಾಗಣಿತದಲ್ಲಿ ಒಂದು ಆಕ್ಷೇಪವನ್ನೆತ್ತಿದನು. −೧ಕ್ಕೂ ೧ಕ್ಕೂ ಇರುವ ಅನುಪಾತ ೧ಕ್ಕೂ −೧ಕ್ಕೂ ಇರುವ ಅನುಪಾತಕ್ಕೆ ಸಮ. −೧ ಚಿಕ್ಕದಾದರೆ, ಚಿಕ್ಕದಕ್ಕೂ ದೊಡ್ಡದಕ್ಕೂ ಇರುವ ಸಂಬಂಧವೇ ದೊಡ್ಡದಕ್ಕೂ ಚಿಕ್ಕದಕ್ಕೂ ಇದ್ದಂತಾಯಿತಲ್ಲ? ಲೈಬ್ನಿಟ್ಸನಂಥವನೂ ೧೭೧೨ರಲ್ಲಿ ಈ ಪ್ರಶ್ನೆಗೆ ಲೇಖನವೊಂದನ್ನು ಮೀಸಲಿಡಬೇಕಾಯಿತು. ಇಂಗ್ಲೆಂಡಿನ ಜಾನ್ ವಾಲಿಸ್ ೧೬೫೬ರಲ್ಲಿ ಋಣಸಂಖ್ಯೆಯಿಂದ ಭಾಗಿಸಿದರೆ ಅನಂತಕ್ಕಿಂತಲೂ ದೊಡ್ಡದು ಬರುವುದೆಂದು ಊಹಿಸಿದನು. ಅದೇ ವಾಲಿಸ್ ೧೬೮೫ರ ತನ್ನ ಬೀಜಗಣಿತದಲ್ಲಿ, ೫ ಗಜ ಮುಂದೆ ನಡೆದು ೮ ಗಜ ಹಿಂದೆ ಬಂದ ಮನುಷ್ಯನು ಹೊರಟ ಸ್ಥಳಕ್ಕಿಂತ ೩ ಗಜ ಹಿಂದಿರುವನೆಂದು ಒಂದು ಗೆರೆಯ ಮೇಲೆ ತೋರಿಸಿದನು. ಇಂದಿನ ಸಂಖ್ಯಾರೇಖೆಯ ಬೀಜ ಇಲ್ಲಿದೆ. ಇಂತಹವರೇ ಎಡವಿದ ಕಡೆಯಲ್ಲಿ ಹದಿಮೂರು ವರ್ಷದ ಹುಡುಗ ಎಡವಿದರೆ ಅವನನ್ನು ದಡ್ಡನೆನ್ನುವುದು ನ್ಯಾಯವಲ್ಲ.

ನಮ್ಮ ಪಠ್ಯಪುಸ್ತಕಗಳಲ್ಲಿ ಇನ್ನೊಂದು ವಿಚಿತ್ರವುಂಟು. ಧನ, ಋಣ ಎಂಬ ಮಾತುಗಳೇ ಆಸ್ತಿ, ಸಾಲ ಎಂಬ ಅರ್ಥವುಳ್ಳವು. ಬ್ರಹ್ಮಗುಪ್ತನು ೬೨೮ರಲ್ಲಿ ಇವುಗಳ ಗಣಿತವನ್ನು ಹೇಳಿದನು. ಮಾತನ್ನಿಟ್ಟುಕೊಂಡು ಅರ್ಥವನ್ನು ಕೈಬಿಟ್ಟಿದ್ದೇವೆ. ೫ ರೂಪಾಯಿ ಉಳ್ಳವನು ೩ ರೂಪಾಯಿ ಉಳ್ಳವನಿಗಿಂತ ಅನುಕೂಲಸ್ಥ. ಇಬ್ಬರ ಹಣವೂ ಸಾಲವಾಗಿ ಮಾರ್ಪಟ್ಟರೆ ೫ರವನೇ ಹೆಚ್ಚು ಬಡವ. ೫ > ೩ ಆದರೂ −೫ < −೩ ಎಂಬುದನ್ನು ಅಂಗಡಿಯ ಲೆಕ್ಕ ಬಲ್ಲ ಯಾವ ಮಗುವಾದರೂ ಒಪ್ಪೀತು.

ಇಷ್ಟಾದಮೇಲೆ ನಿಯಮವನ್ನು ಕಂಠಪಾಠ ಮಾಡಿಸಬೇಕಾದುದೇ ಇಲ್ಲ. −೨ಕ್ಷ < ೬ ಎಂಬ ಅಸಮತೆಯನ್ನು ತೆಗೆದುಕೊಳ್ಳೋಣ. ಎರಡು ಪಕ್ಷಗಳಿಗೂ ೨ಕ್ಷ ಕೂಡಿಸಿದರೆ ೦ < ೬ + ೨ಕ್ಷ. ೬ನ್ನು ಕಳೆದರೆ −೬ < ೨ಕ್ಷ. ೨ರಿಂದ ಭಾಗಿಸಿದರೆ −೩ < ಕ್ಷ. ಚಿಹ್ನೆ ಎಲ್ಲಿಯೂ ತಿರುಗಲಿಲ್ಲ. ಅವ್ಯಕ್ತವು ಎಡದಿಂದ ಬಲಕ್ಕೆ ಹೋಯಿತು, ಅಷ್ಟೆ. ಅದನ್ನೇ ಕ್ಷ > −೩ ಎಂದು ಓದಿಕೊಂಡಾಗ ನಿಯಮವು ತಾನಾಗಿ ಕಾಣಿಸುವುದು. ರೇಖೆಯ ಮೇಲೆ −೩ರಲ್ಲಿ ಒಳಗೆ ತುಂಬದ ಸಣ್ಣ ವೃತ್ತವನ್ನು ಬರೆದು ಬಲಕ್ಕೆ ಬಾಣವನ್ನೆಳೆಯಬೇಕು. ನಿಯಮವನ್ನು ಮರೆತವನು ಎಡಕ್ಕೆ ಎಳೆಯುವನು. ಅಲ್ಲಿನ −೫ನ್ನು ಹಾಕಿ ನೋಡಿದರೆ ೧೦ < ೬ ಎಂದಾಗಿ ತಪ್ಪು ತಾನೇ ಬಯಲಾಗುವುದು. ಬಲಗಡೆಯ ೦ ಹಾಕಿದರೆ ೦ < ೬, ಸರಿಯಾಗಿದೆ.

ನಾವು ನೋಡಿದ ಪಠ್ಯಪುಸ್ತಕಗಳಲ್ಲಿ ನಿಯಮವು ದಪ್ಪಕ್ಷರದಲ್ಲಿ, ಚೌಕಟ್ಟಿನೊಳಗೆ, ಮೊದಲ ಉದಾಹರಣೆಗೂ ಮುಂಚೆ ಅಚ್ಚಾಗಿದೆ. ಮೇಲಿನ ಮೂರು ಪಂಕ್ತಿಗಳನ್ನು ಅದರ ಹಿಂದೆ ಸೇರಿಸಲು ಅರ್ಧ ಪುಟವೂ ಬೇಕಾಗದು.