ಬೀದಿಚಿತ್ರವೂ ಕ್ಯಾಮೆರಾದ ಕಣ್ಣೂ

ನಗರದ ಗೋಡೆ, ಗಲ್ಲಿ ಮತ್ತು ರಸ್ತೆಗಳನ್ನೇ ಚಿತ್ರಪಟವಾಗಿಸಿಕೊಳ್ಳುವ ಬೀದಿಕಲೆಯನ್ನು ಮಳೆ, ಬಿಸಿಲು ಮತ್ತು ಹೊಸ ಸುಣ್ಣ ಬೇಗನೆ ಅಳಿಸುವುದರಿಂದ, ಬೀದಿ ಛಾಯಾಗ್ರಹಣವು, ಅಂದರೆ ಸಾರ್ವಜನಿಕ ಸ್ಥಳಗಳ ಸಹಜ ಬದುಕನ್ನು ಇದ್ದಂತೆಯೇ ಸೆರೆಹಿಡಿಯುವ ಕಲೆಯು, ಅದರ ಅಗತ್ಯ ಸಂಗಾತಿಯಾಗಿ ಬೆಳೆದಿದೆ.

ಈ ನಂಟಿಗೆ ಶ್ರೇಷ್ಠ ನಿದರ್ಶನ, ಕಾವಾ ಎಂದೇ ಪರಿಚಿತವಾದ ಮೈಸೂರಿನ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜಿನಲ್ಲಿ ಕಲಿತ ಬೀದಿಕಲಾವಿದ ಬಾದಲ್ ನಂಜುಂಡಸ್ವಾಮಿಯವರ ಕೃತಿಗಳು. 2015ರಲ್ಲಿ ಅವರು ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯೊಂದನ್ನು ಕೊಳವಾಗಿಸಿ ಅದರಲ್ಲಿ ಮೊಸಳೆಯ ಪ್ರತಿಕೃತಿಯನ್ನು ಇರಿಸಿದರು. 2019ರಲ್ಲಿ ಹದಗೆಟ್ಟ ರಸ್ತೆಯೊಂದರಲ್ಲಿ ಗಗನಯಾತ್ರಿಯ ಉಡುಪಿನ ನಟರೊಬ್ಬರನ್ನು ನಡೆಸಿ, ನೋಡುಗರಿಗೆ ಅದು ಚಂದ್ರನ ನೆಲವೆಂದೇ ತೋರುವಂತೆ ಚಿತ್ರೀಕರಿಸಿದರು. ಪಕ್ಕದಲ್ಲಿ ಆಟೊರಿಕ್ಷಾ ಹಾದುಹೋಗುವವರೆಗೂ ಆ ಭ್ರಮೆ ಅಖಂಡವಾಗಿ ಉಳಿಯುವುದು ಚೌಕಟ್ಟಿನ ಆಯ್ಕೆಯಿಂದಲೇ.

ನೆಲದ ಮೇಲಿನ ತ್ರೀಡಿ ಚಿತ್ರಗಳಲ್ಲೂ ನೋಟದ ಕೋನವೇ ಮುಖ್ಯ: ಅಲ್ಲಿ ಬಳಕೆಯಾಗುವ ಅನಾಮಾರ್ಫಿಕ್ ತಂತ್ರವು ಆಕೃತಿಯನ್ನು ಬೇಕೆಂದೇ ಹಿಗ್ಗಿಸಿ ಬರೆದು, ನಿಗದಿತ ಬಿಂದುವೊಂದರಿಂದ ಮಾತ್ರ ಆಳ ಕಾಣುವಂತೆ ಮಾಡುತ್ತದೆ. ಆ ಬಿಂದುವನ್ನು ಅರಿತು, ಮಸೂರದ ಎತ್ತರವನ್ನು ಹೊಂದಿಸಿ, ದಾರಿಹೋಕರ ನೆರಳು ಚಿತ್ರದೊಂದಿಗೆ ಕೂಡುವ ಕ್ಷಣಕ್ಕಾಗಿ ಕಾಯುವ ಛಾಯಾಗ್ರಾಹಕರ ತಾಳ್ಮೆಯು ಕುಂಚದ ಶ್ರಮಕ್ಕೆ ಸಮನಾದುದು. ಜನರ ನಡುವೆ ಹರಡಿದ ನಂಜುಂಡಸ್ವಾಮಿಯವರ ಕೃತಿಗಳ ಚಿತ್ರಗಳೇ ಊರಿನ ಆಡಳಿತದ ಗಮನ ಸೆಳೆದು ರಸ್ತೆಗುಂಡಿಗಳನ್ನು ಮುಚ್ಚಿಸಿದ್ದರಿಂದ, ಈ ಜೋಡಿಕಲೆಯು ಸೌಂದರ್ಯದ ಜೊತೆಗೆ ನಾಗರಿಕ ಹೊಣೆಯನ್ನೂ ಹೊತ್ತ, ಹೃತ್ಪೂರ್ವಕ ಗೌರವಕ್ಕೆ ಅರ್ಹವಾದ ಸಾಧನೆಯಾಗಿದೆ.